ಹಲ್ಲು ಉದ್ದವಾಗಿಲ್ಲ, ಒಸಡು ಇಳಿದಿದೆ

"ಇವೆರಡು ಹಲ್ಲು ಕಿತ್ತ ಒಗೀರಿ ಡಾಕ್ಟ್ರ. ಉದ್ದಾಗ್ಯಾವ. ತಣ್ಣೀರು ತಗಲಿದ್ರ ಜುಮ್ಮ ಅಂತಾವ."

"ಅಲ್ಲಾಡತಾವೇನ್ರಿ ಅಕ್ಕಾರ?"

"ಇನ್ನಾ ಇಲ್ರಿ. ನಮ್ಮವ್ವಂದೂ ಹಿಂಗ ಉದ್ದಾಗಿ ಉದ್ದಾಗಿ ಬಿದ್ದುವು. ನಂದೂ ಅಷ್ಟ."

ಬನಹಟ್ಟಿಯ ನೇಕಾರರ ಓಣಿಯಿಂದ ಜಮಖಂಡಿಯ ಹಲ್ಲಿನ ದವಾಖಾನೆಗೆ ಬಂದು ಹೀಗೆ ಕೇಳುವ ತಾಯಂದಿರ ಹೆಸರು ಬೇರೆಬೇರೆ ಇರಬಹುದು, ಮಾತು ಒಂದೇ. ಇಂಥ ಒಬ್ಬ ತಾಯಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವಯಸ್ಸು ನಲವತ್ತೈದರ ಆಸುಪಾಸು. ಹಗಲೆಲ್ಲ ಮನೆಯಲ್ಲಿ ಕಂಡಿಕೆ ಸುತ್ತುವ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಮಿಶ್ರಿ, ಊಟದ ನಂತರ ಮಿಶ್ರಿ, ಕೆಲಸದ ನಡುವೆ ಬೇಸರ ಬಂದರೂ ಮಿಶ್ರಿ. ಕೆಳದವಡೆಯ ಮುಂದಿನ ಎರಡು ಹಲ್ಲುಗಳ ಬುಡ ಹಳದಿಯಾಗಿ, ಅಕ್ಕಪಕ್ಕದ ಹಲ್ಲುಗಳಿಗಿಂತ ಉದ್ದವಾಗಿ ಕಾಣುತ್ತದೆ. ಆದರೆ ಆ ಹಲ್ಲುಗಳು ಕಲ್ಲಿನಂತೆ ಗಟ್ಟಿಯಾಗಿವೆ. ಕೀಳುವ ಕಾರಣವೇ ಇಲ್ಲ.

ಹುಟ್ಟಿ ಪೂರ್ತಿ ಬೆಳೆದ ಹಲ್ಲು ಮತ್ತೆ ಉದ್ದ ಬೆಳೆಯುವುದಿಲ್ಲ. ಅದರ ಬುಡವನ್ನು ಮುಚ್ಚಿಕೊಂಡಿದ್ದ ಒಸಡು ಸರಿದುಹೋದಾಗ ಒಳಗಿದ್ದ ಬೇರು ಹೊರಗೆ ಕಾಣುತ್ತದೆ. ಅದನ್ನೇ ನಾವು ಹಲ್ಲು ಉದ್ದವಾಯಿತು ಎನ್ನುತ್ತೇವೆ.

ಬೇರಿಗೆ ಹೊದಿಕೆ ಇಲ್ಲ

ಹಲ್ಲಿನ ಕಾಣುವ ಭಾಗಕ್ಕೆ ಎನಾಮೆಲ್ ಎಂಬ ಗಟ್ಟಿ ಕವಚವಿದೆ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಆದರೆ ಬೇರಿಗೆ ಈ ಕವಚವಿಲ್ಲ. ಅದರ ಮೇಲಿರುವುದು ತೆಳುವಾದ, ಮೃದುವಾದ ಪದರ. ಒಸಡು ಮತ್ತು ಎಲುಬಿನೊಳಗೆ ಅಡಗಿ ಇರಬೇಕಾದ ಭಾಗವಾದ್ದರಿಂದ ಪ್ರಕೃತಿ ಅದಕ್ಕೆ ಹೆಚ್ಚಿನ ರಕ್ಷಣೆ ಕೊಟ್ಟಿಲ್ಲ. ಒಸಡು ಇಳಿದು ಬೇರು ಬಯಲಾದರೆ ಆ ಪದರ ಬೇಗ ಸವೆಯುತ್ತದೆ. ಅದರ ಕೆಳಗೆ ನರದ ಕಡೆಗೆ ಹೋಗುವ ಅತಿ ಸೂಕ್ಷ್ಮ ನಾಳಗಳಿವೆ. ತಣ್ಣೀರು, ಹುಳಿ, ಸಿಹಿ, ಗಾಳಿ ತಗಲಿದರೂ ಜುಮ್ಮೆನ್ನುವುದು ಈ ಕಾರಣಕ್ಕೆ. ಬೇರಿನ ಭಾಗ ಹುಳುಕಾಗುವುದೂ ಸುಲಭ.

ಒಸಡು ಇಳಿದ ಮೇಲೆ ತಾನಾಗಿ ಮೇಲೆ ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಎಣ್ಣೆ ಮುಕ್ಕಳಿಸಿದರೂ, ಬೆರಳಿನಿಂದ ತಿಕ್ಕಿದರೂ, ದುಬಾರಿ ಪೇಸ್ಟ್ ತಂದರೂ ಹೋದ ಒಸಡು ಬೆಳೆಯದು. ಆದರೆ ಅದು ಇನ್ನಷ್ಟು ಇಳಿಯದಂತೆ ತಡೆಯಬಹುದು. ಕೆಲವು ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಬೇರನ್ನು ಮತ್ತೆ ಮುಚ್ಚಲೂಬಹುದು. ಆದರೆ ಇಳಿಸಿದ ಕಾರಣವನ್ನು ಬಿಡಿಸದೆ ಕತ್ತರಿ ಹಿಡಿದರೆ ಆ ಶ್ರಮ ವ್ಯರ್ಥ.

ನಾಲ್ಕು ಊರು, ನಾಲ್ಕು ಕಾರಣ

ಬನಹಟ್ಟಿಯ ತಾಯಿಯ ಕಾರಣ ಮಿಶ್ರಿ. ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು ಪುಡಿ ಮಾಡಿದರೆ ಮಿಶ್ರಿ. ಮಹಾರಾಷ್ಟ್ರದಲ್ಲೂ ನಮ್ಮ ಗಡಿಭಾಗದಲ್ಲೂ ಅದನ್ನು ಹಲ್ಲುಪುಡಿ ಎಂದು ನಂಬಿದವರು ಬಹಳ. ಅದು ಹಲ್ಲುಪುಡಿಯಲ್ಲ, ತಂಬಾಕು. ಒಸಡಿನ ಮೂಲಕ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಆದ್ದರಿಂದಲೇ ದಿನಕ್ಕೆ ಒಂದು ಸಲ ತಿಕ್ಕುತ್ತಿದ್ದವರು ಕ್ರಮೇಣ ಐದಾರು ಸಲ ತಿಕ್ಕುವಂತಾಗುತ್ತದೆ. ಅದರ ಒರಟು ಕಣಗಳು ಒಸಡನ್ನು ಉಜ್ಜಿ ಸವೆಸುತ್ತವೆ, ತಂಬಾಕು ಒಸಡಿನ ರಕ್ತಸಂಚಾರವನ್ನು ಕುಗ್ಗಿಸುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ಒಸಡು ಮೊದಲೇ ತೆಳು. ಬೆರಳು ಮೊದಲು ಮುಟ್ಟುವುದೂ ಅಲ್ಲಿಗೇ.

ಮುಧೋಳದ ಕಡೆ ಕಬ್ಬಿನ ಹಂಗಾಮಿನಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರ್ ಓಡಿಸುವ ತರುಣರನ್ನು ನೋಡಿ. ನಿದ್ದೆ ತಡೆಯಲು ತಂಬಾಕಿಗೆ ಸುಣ್ಣ ಬೆರೆಸಿ ತುಟಿಯ ಒಳಗೆ ಇಟ್ಟುಕೊಳ್ಳುತ್ತಾರೆ. ಗುಟಕಾ ಮಾರಾಟವನ್ನು ಕರ್ನಾಟಕ ಸರಕಾರ 2013ರಲ್ಲಿ ನಿಷೇಧಿಸಿತು. ಆದರೆ ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಕೊಂಡು ಎರಡನ್ನೂ ಬೆರೆಸಿ ತಿನ್ನುವ ಚಟ ನಿಂತಿಲ್ಲ. ಇಂಥವರಿಗೆ ಇಡೀ ಬಾಯಿಯ ಒಸಡು ಇಳಿದಿರುವುದಿಲ್ಲ. ತಂಬಾಕಿನ ಉಂಡೆ ಕೂಡುವ ಜಾಗದಲ್ಲಿ ಮಾತ್ರ ಇಳಿದಿರುತ್ತದೆ. ಅಲ್ಲಿಯೇ ತುಟಿಯ ಒಳಚರ್ಮ ಬೆಳ್ಳಗೆ ಸುಕ್ಕುಗಟ್ಟಿದ್ದರೆ, ಅಥವಾ ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ಒಸಡಿನ ಮಾತು ಆಮೇಲೆ. ಮೊದಲು ಬಾಯಿ ಕ್ಯಾನ್ಸರ್ ಇದೆಯೇ ಎಂದು ಪರೀಕ್ಷೆ ಆಗಬೇಕು.

ಬೀಳಗಿಯ ಕಾಲೇಜು ಹುಡುಗಿಯೊಬ್ಬಳ ಕಥೆ ಬೇರೆ. ಅವಳಿಗೆ ಯಾವ ಚಟವೂ ಇಲ್ಲ. ಹಲ್ಲಿನ ಮೇಲೆ ಕಂದು ಕಲೆಗಳಿವೆ, ನಗಲು ನಾಚಿಕೆ. ಬಾಗಲಕೋಟೆ ಜಿಲ್ಲೆಯ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರ್ ನೀರಿನಲ್ಲಿ ಅದು 1.5 ಮಿಲಿಗ್ರಾಂ ದಾಟಬಾರದು. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಈ ಕಲೆ ಮೂಡುತ್ತದೆ. ಕಲೆ ಇರುವುದು ಎನಾಮೆಲ್ ಕವಚದ ಒಳಗೇ, ತಿಕ್ಕಿದರೆ ಹೋಗುವುದಿಲ್ಲ. ಅದು ತಿಳಿಯದೆ ಗಟ್ಟಿ ಬ್ರಷ್ ಹಿಡಿದು, ಇಟ್ಟಂಗಿ ಪುಡಿ, ಉಪ್ಪು, ಇದ್ದಿಲು ಹಾಕಿ ಅಡ್ಡಡ್ಡ ತಿಕ್ಕಿದರೆ ಕಲೆ ಉಳಿಯುತ್ತದೆ, ಒಸಡು ಹೋಗುತ್ತದೆ. ಬಲಗೈಯಿಂದ ತಿಕ್ಕುವವರಿಗೆ ಎಡಬದಿಯ ಕೋರೆಹಲ್ಲಿನ ಸುತ್ತ ಹೆಚ್ಚು ಇಳಿದಿರುವುದು ಸಾಮಾನ್ಯ. ಕಲೆಗೆ ಬೇರೆ ಚಿಕಿತ್ಸೆ ಇದೆ. ಅದನ್ನು ದಂತ ವೈದ್ಯರು ಮಾಡುತ್ತಾರೆ.

ನಾಲ್ಕನೆಯವರು ಜಮಖಂಡಿಯ ಒಬ್ಬ ನಿವೃತ್ತ ಮಾಸ್ತರರು ಎನ್ನೋಣ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ತಿಕ್ಕುವಾಗ ಒಸಡಿನಿಂದ ರಕ್ತ, ಬೆಳಿಗ್ಗೆ ಬಾಯಿ ವಾಸನೆ, ಅಲ್ಲಲ್ಲಿ ಕೀವು. ಇದು ಜನ ಪಯೋರಿಯಾ ಎನ್ನುವ ರೋಗ. ಹಲ್ಲಿನ ಮೇಲೆ ಕೂಡುವ ಮೆತ್ತನೆಯ ಪಾಚಿ ದಿನ ಕಳೆದಂತೆ ಉಗುಳಿನ ಸುಣ್ಣದ ಅಂಶ ಹೀರಿ ಕಲ್ಲಾಗುತ್ತದೆ, ಅದೇ ಕಿಟ್ಟ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಜೊಲ್ಲುಗ್ರಂಥಿಗಳ ಬಾಯಿ ತೆರೆಯುವುದರಿಂದ ಅಲ್ಲಿ ಕಿಟ್ಟ ಜಾಸ್ತಿ. ಕಿಟ್ಟದ ಮೇಲಿನ ಕ್ರಿಮಿಗಳು ಒಸಡನ್ನು ಕೆಣಕಿ ಒಳಗಿನ ಎಲುಬನ್ನು ಕರಗಿಸುತ್ತವೆ. ಎಲುಬು ಇಳಿದಂತೆ ಒಸಡೂ ಇಳಿಯುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಈ ರೋಗ ಬೇಗ ಏರುತ್ತದೆ. ಒಸಡಿನ ರೋಗ ಇದ್ದವರಿಗೆ ಸಕ್ಕರೆ ಹತೋಟಿಗೆ ತರುವುದೂ ಕಷ್ಟ.

ಇದು ಹೊಸ ರೋಗವೇನಲ್ಲ. ಸುಶ್ರುತ ಸಂಹಿತೆ ಬಾಯಿಯ 65 ರೋಗಗಳನ್ನು ಎಣಿಸುತ್ತದೆ. ಅವುಗಳಲ್ಲಿ 15 ಹಲ್ಲಿನ ಬುಡಕ್ಕೆ, ಅಂದರೆ ಒಸಡಿಗೆ ಸೇರಿದವು.

"ಕ್ಲೀನ್ ಮಾಡಿಸಿದ್ರ ಹಲ್ಲು ಸಡ್ಲ ಆಗ್ತಾವ"

ಈ ನಂಬಿಕೆಯಿಂದ ಎಷ್ಟೋ ಹಲ್ಲುಗಳು ಹೋಗಿವೆ. ಯಂತ್ರದಿಂದ ಕಿಟ್ಟ ತೆಗೆಸಿದ ಮೇಲೆ ಹಲ್ಲುಗಳ ನಡುವೆ ಸಂದಿ ಕಾಣುತ್ತದೆ, ಕೆಲವು ದಿನ ಜುಮ್ಮೆನ್ನುತ್ತದೆ, ಸ್ವಲ್ಪ ಅಲುಗಿದಂತೆಯೂ ಅನಿಸುತ್ತದೆ. ನಿಜ. ಆದರೆ ಆ ಸಂದಿ ಮೊದಲೇ ಇತ್ತು, ಅದರಲ್ಲಿ ಕಿಟ್ಟ ತುಂಬಿಕೊಂಡಿತ್ತು ಅಷ್ಟೆ. ಬಾತುಕೊಂಡಿದ್ದ ಒಸಡು ಬಾವು ಇಳಿದು ತನ್ನ ನಿಜವಾದ ಮಟ್ಟಕ್ಕೆ ಬಂದಾಗ ಬೇರು ಕಾಣುತ್ತದೆ. ಹಳೆಯ ಗೋಡೆಯ ಬಿರುಕಿನಲ್ಲಿ ತುಂಬಿದ್ದ ಮಣ್ಣು ತೆಗೆದರೆ ಬಿರುಕು ಕಾಣುತ್ತದೆ. ಮಣ್ಣು ತೆಗೆದವನು ಬಿರುಕು ಬಿಡಿಸಿದ ಎನ್ನಲಾಗುವುದೇ?

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೇ?

ಬೇಡ. ಒಂದೆರಡು ಮಿಲಿಮೀಟರ್ ಇಳಿದು ಅಲ್ಲಿಗೇ ನಿಂತಿದ್ದರೆ, ಜುಮ್ಮೆನ್ನದಿದ್ದರೆ, ಸುತ್ತಲಿನ ಒಸಡು ಗಟ್ಟಿಯಾಗಿ ಗುಲಾಬಿ ಬಣ್ಣದಲ್ಲಿದ್ದರೆ ತಿಕ್ಕುವ ರೀತಿ ಬದಲಿಸಿ, ಆರು ತಿಂಗಳಿಗೊಮ್ಮೆ ತೋರಿಸುತ್ತ ಇದ್ದರೆ ಸಾಕು. ಜುಮ್ಮೆನ್ನುವುದಕ್ಕೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಕೆಲವು ವಾರಗಳಲ್ಲಿ ಗುಣ ತೋರಿಸುತ್ತದೆ. ಬೇರು ಸವೆದು ಗುಳಿ ಬಿದ್ದಿದ್ದರೆ ಹಲ್ಲಿನ ಬಣ್ಣದ ಸಿಮೆಂಟ್ ತುಂಬಬಹುದು.

ಶಸ್ತ್ರಚಿಕಿತ್ಸೆಯ ಮಾತು ಬರುವುದು ಬೇರೆ ಸಂದರ್ಭಗಳಲ್ಲಿ. ವರ್ಷದಿಂದ ವರ್ಷಕ್ಕೆ ಒಸಡು ಇಳಿಯುತ್ತಲೇ ಇದೆ. ಪೇಸ್ಟಿನಿಂದ ಜುಮ್ಮೆನ್ನುವುದು ನಿಂತಿಲ್ಲ. ಬ್ರಷ್ ತಾಗಿದರೆ ನೋಯುವಷ್ಟು ಒಸಡು ತೆಳುವಾಗಿದೆ. ತುಟಿಯನ್ನು ಒಸಡಿಗೆ ಬಿಗಿದಿರುವ ಚಿಕ್ಕ ಪಟ್ಟಿ ಪ್ರತಿ ಮಾತಿಗೂ ಒಸಡನ್ನು ಕೆಳಗೆ ಜಗ್ಗುತ್ತಿದೆ. ಹಲ್ಲಿಗೆ ತಂತಿ ಹಾಕಿಸುವುದಿದೆ, ಆದರೆ ಒಸಡು ತಾಳಲಾರದು. ಅಥವಾ ನಕ್ಕಾಗ ಬೇರು ಕಾಣುವುದರಿಂದ ಮನಸ್ಸಿಗೆ ಹಿಂಸೆ. ಈ ಕೊನೆಯ ಕಾರಣವೂ ಸಣ್ಣದೇನಲ್ಲ.

ರಫು ಮಾಡುವ ಕೆಲಸ

ರಬಕವಿ-ಬನಹಟ್ಟಿಯವರಿಗೆ ಈ ಶಸ್ತ್ರಚಿಕಿತ್ಸೆಯನ್ನು ತಿಳಿಸುವುದು ಸುಲಭ. ಸೀರೆ ಹರಿದರೆ ರಫು ಮಾಡುತ್ತಾರೆ. ಆದರೆ ಹರಿದ ಜಾಗದ ಎರಡೂ ಬದಿಯಲ್ಲಿ ಬಟ್ಟೆ ಗಟ್ಟಿ ಇದ್ದರೆ ಮಾತ್ರ ರಫು ನಿಲ್ಲುತ್ತದೆ. ಸುತ್ತಲಿನ ಬಟ್ಟೆಯೇ ಜೀರ್ಣವಾಗಿದ್ದರೆ ಎಂಥ ಕುಶಲಿಯೂ ಏನೂ ಮಾಡಲಾರ.

ಒಸಡಿಗೂ ಇದೇ ನಿಯಮ. ಎರಡು ಹಲ್ಲುಗಳ ನಡುವಿನ ತ್ರಿಕೋನಾಕಾರದ ಒಸಡು ಮತ್ತು ಅದರ ಒಳಗಿನ ಎಲುಬು ಪೂರ್ತಿ ಇದ್ದರೆ ಬಯಲಾದ ಬೇರನ್ನು ಸಂಪೂರ್ಣ ಮುಚ್ಚುವ ಆಸೆ ಇಟ್ಟುಕೊಳ್ಳಬಹುದು. ಅದು ಸ್ವಲ್ಪ ಹೋಗಿದ್ದರೆ ಸ್ವಲ್ಪ ಮಾತ್ರ ಮುಚ್ಚಬಹುದು. ಬಹಳ ಹೋಗಿದ್ದರೆ ಮುಚ್ಚಲು ಬರುವುದಿಲ್ಲ. 1985ರಲ್ಲಿ ಅಮೆರಿಕದ ಪಿ. ಡಿ. ಮಿಲ್ಲರ್ ಎಂಬ ವೈದ್ಯ ಇದನ್ನೇ ನಾಲ್ಕು ದರ್ಜೆಗಳಾಗಿ ವಿಂಗಡಿಸಿದ. 2011ರಲ್ಲಿ ಇಟಲಿಯ ಕೈರೊ ಮತ್ತು ಸಂಗಡಿಗರು ಅದನ್ನು ಮೂರಕ್ಕೆ ಇಳಿಸಿದರು. ಲೆಕ್ಕ ಬದಲಾದರೂ ತತ್ವ ಅದೇ: ಪಕ್ಕದ ಒಸಡು ಉಳಿದಿದೆಯೇ ಎಂದು ಮೊದಲು ನೋಡು.

ಮಾಡುವ ವಿಧಾನಗಳು ಹಲವು. ಇಳಿದ ಒಸಡನ್ನೇ ಬಿಡಿಸಿ, ಸಡಿಲಿಸಿ, ಮೇಲಕ್ಕೆ ಎಳೆದು ಹೊಲಿಯುವುದು ಒಂದು. ಪಕ್ಕದ ಹಲ್ಲಿನ ಒಸಡು ದಪ್ಪವಾಗಿದ್ದರೆ ಅದರ ಒಂದು ಪಟ್ಟಿಯನ್ನು ಬುಡ ಬಿಡಿಸದೆ ಈಚೆಗೆ ಸರಿಸಿ ಹೊದಿಸುವುದು ಇನ್ನೊಂದು. ಇದು 1956ರಿಂದ ಬಳಕೆಯಲ್ಲಿದೆ. ಒಸಡು ತೀರ ತೆಳುವಾಗಿದ್ದರೆ ಬಾಯಿಯ ಮೇಲ್ಭಾಗದಿಂದ, ಅಂದರೆ ಅಂಗುಳಿನಿಂದ, ಒಂದು ಒಂದೂವರೆ ಮಿಲಿಮೀಟರ್ ದಪ್ಪದ ಸಣ್ಣ ತುಂಡು ತೆಗೆದು ಕಸಿ ಮಾಡುತ್ತಾರೆ. ಅಂಗುಳಿನ ಮೇಲ್ಪದರವನ್ನು ಹಾಗೆಯೇ ಬಿಟ್ಟು, ಅದರ ಕೆಳಗಿನ ಪದರವನ್ನು ಮಾತ್ರ ತೆಗೆದು ಒಸಡಿನ ಅಡಿಗೆ ಸೇರಿಸುವ ವಿಧಾನ 1985ರಿಂದ ಪ್ರಚಾರಕ್ಕೆ ಬಂತು. ಬೇರು ಮುಚ್ಚುವ ಮಟ್ಟಿಗೆ ಇಂದಿಗೂ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಅದೇ. ರೋಗಿಯ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರಿಂದ ಬರುವ ಜಾಲರಿಯಂಥ ಪದರವನ್ನು ಕಸಿಯ ಬದಲು ಬಳಸುವುದೂ ಈಗ ರೂಢಿಯಲ್ಲಿದೆ.

ಎಲ್ಲವೂ ಕುರ್ಚಿಯಲ್ಲಿ ಕೂತಲ್ಲೇ ಆಗುವ ಕೆಲಸ. ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯವಿಲ್ಲ. ಹಲ್ಲು ಕೀಳುವಾಗ ಕೊಡುವಂಥದೇ ಮರವಳಿಕೆ ಚುಚ್ಚುಮದ್ದು. ಒಂದೆರಡು ಹಲ್ಲಿಗೆ ಗಂಟೆಯೊಂದು, ಗಂಟೆ ಒಂದೂವರೆ. ಅಂದೇ ಮನೆಗೆ.

ಎರಡು ಶಸ್ತ್ರಚಿಕಿತ್ಸೆ, ಒಂದೇ ಹೆಸರು

ಜನ ಎರಡಕ್ಕೂ "ಒಸಡಿನ ಆಪರೇಶನ್" ಎನ್ನುತ್ತಾರೆ. ಅದರಿಂದ ತಪ್ಪು ತಿಳಿವಳಿಕೆ. ಮೇಲೆ ಹೇಳಿದ್ದು ಇಳಿದ ಒಸಡನ್ನು ಏರಿಸುವ ಚಿಕಿತ್ಸೆ. ಮಾಸ್ತರರಿಗೆ ಬೇಕಾದದ್ದು ಅದಲ್ಲ. ಅವರ ಒಸಡಿನೊಳಗೆ ಆಳವಾದ ಚೀಲಗಳಂತೆ ಸಂದಿಗಳಾಗಿ, ಅಲ್ಲಿ ಕಿಟ್ಟ ಮತ್ತು ಕೀವು ಸೇರಿದೆ. ಮೊದಲು ಸಕ್ಕರೆಯ ಹತೋಟಿ, ಆಮೇಲೆ ಆಳದವರೆಗೆ ಕಿಟ್ಟ ತೆಗೆಯುವುದು. ಅದಕ್ಕೂ ಬಗ್ಗದಿದ್ದರೆ ಒಸಡನ್ನು ಬಿಡಿಸಿ, ಬೇರನ್ನು ಕಣ್ಣಿಗೆ ಕಾಣುವಂತೆ ಮಾಡಿ, ಸ್ವಚ್ಛಗೊಳಿಸಿ ಮತ್ತೆ ಹೊಲಿಯುತ್ತಾರೆ. ಇದು ಹಲ್ಲು ಉಳಿಸುವ ಚಿಕಿತ್ಸೆ. ಆದರೆ ಬಾವು ಇಳಿದ ಮೇಲೆ ಒಸಡು ಇನ್ನೂ ತುಸು ಕೆಳಗೆ ಹೋಗಿ ಹಲ್ಲು ಮೊದಲಿಗಿಂತ ಉದ್ದ ಕಾಣಬಹುದು. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳದಿದ್ದರೆ "ಆಪರೇಶನ್ ಕೆಟ್ಟಿತು" ಎಂಬ ದೂರು ಬರುತ್ತದೆ. ಆದ್ದರಿಂದ ಒಪ್ಪಿಗೆ ಕೊಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಇದು ಒಸಡು ಏರಿಸುವುದಕ್ಕೋ, ರೋಗ ತೆಗೆಯುವುದಕ್ಕೋ?

ಹದಿನೈದು ದಿನದ ಪಥ್ಯ

ಹೊಲಿಗೆಯನ್ನು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ಚುತ್ತಾರೆ. ಅಷ್ಟು ದಿನ ಕಸಿ ಅಲುಗಬಾರದು. ತುಟಿ ಎಳೆದು ಕನ್ನಡಿಯಲ್ಲಿ ನೋಡುವ ಕುತೂಹಲ ಬೇಡ. ಆ ಜಾಗಕ್ಕೆ ಬ್ರಷ್ ಮುಟ್ಟಿಸುವಂತಿಲ್ಲ; ಬದಲಿಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧಿಯಿಂದ ವೈದ್ಯರು ಹೇಳಿದಷ್ಟು ದಿನ ಬಾಯಿ ಮುಕ್ಕಳಿಸಬೇಕು. ಅದರಿಂದ ಹಲ್ಲಿಗೆ ಕಂದು ಬಣ್ಣ ಬಂದರೆ ಗಾಬರಿ ಬೇಡ, ಆಮೇಲೆ ತೆಗೆಯಬಹುದು.

ಖಡಕ್ ರೊಟ್ಟಿ, ಹುರಿಗಡಲೆ, ಕಬ್ಬು, ಕೆಂಪು ಚಟ್ನಿ ದೂರ. ಆರಿದ ನುಚ್ಚು ಮಜ್ಜಿಗೆ, ಅಂಬಲಿ, ಮೆತ್ತಗೆ ಕಲಸಿದ ಅನ್ನ ಸಾಕು. ಅಂಗುಳಿನ ಗಾಯ ಬಿಸಿ ಚಹಾ ತಾಗಿದರೆ ಸುಟ್ಟಂತೆ ಉರಿಯುತ್ತದೆ. ಅದು ಎರಡರಿಂದ ನಾಲ್ಕು ವಾರಗಳಲ್ಲಿ ಮಾಯುತ್ತದೆ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯವರು ಅದನ್ನು ಮುಚ್ಚಿಡದೆ ವೈದ್ಯರಿಗೆ ಮೊದಲೇ ಹೇಳಬೇಕು. ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಎಲ್ಲಕ್ಕಿಂತ ಮುಖ್ಯ ತಂಬಾಕು. ಹೊಸ ಕಸಿ ಬದುಕುವುದು ಸುತ್ತಲಿನಿಂದ ಬರುವ ರಕ್ತದಿಂದ. ತಂಬಾಕು ಆ ರಕ್ತವನ್ನು ಕಡಿಮೆ ಮಾಡುತ್ತದೆ. ಮಿಶ್ರಿ, ಬೀಡಿ, ಸಿಗರೇಟು, ಗುಟಕಾ ಬಿಡದವರಿಗೆ ಅನುಭವಿ ವೈದ್ಯರು ಈ ಶಸ್ತ್ರಚಿಕಿತ್ಸೆ ಮಾಡಲು ಹಿಂಜರಿಯುವುದು ಅದಕ್ಕೇ.

ಎಲ್ಲಿ ಹೋಗಬೇಕು?

ಹಲ್ಲಿನ ಕಿಟ್ಟ ತೆಗೆಯುವುದು, ಮೊದಲ ತಪಾಸಣೆ ಊರಿನ ದಂತ ವೈದ್ಯರಲ್ಲೇ ಆಗುತ್ತದೆ. ಕಸಿ ಮಾಡುವುದಕ್ಕೆ ಒಸಡಿನ ವಿಶೇಷ ತಜ್ಞರು ಬೇಕು; ಅವರನ್ನು ಪೆರಿಯೋಡಾಂಟಿಸ್ಟ್ ಎನ್ನುತ್ತಾರೆ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಪಿ. ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವಿದೆ. ವಿಜಯಪುರ, ಬೆಳಗಾವಿ, ಧಾರವಾಡಗಳಲ್ಲೂ ದಂತ ಕಾಲೇಜುಗಳಿವೆ. ಖಾಸಗಿ ದವಾಖಾನೆಗಿಂತ ಕಾಲೇಜು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ. ಓಡಾಟ ಮಾತ್ರ ಮೂರು ನಾಲ್ಕು ಸಲವಾದರೂ ಆಗುತ್ತದೆ. ದಿನಗೂಲಿಯ ಮನೆಯಲ್ಲಿ ಅದೂ ಖರ್ಚೇ. ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ದಂತಪಂಕ್ತಿ ಕೊಡಲು ರಾಜ್ಯ ಸರಕಾರ "ದಂತ ಭಾಗ್ಯ" ಎಂಬ ಯೋಜನೆ ತಂದಿತು. ಒಳ್ಳೆಯದೇ. ಆದರೆ ಕಟ್ಟಿಸಿಕೊಂಡ ಹಲ್ಲು ಎಷ್ಟೆಂದರೂ ಕಟ್ಟಿಸಿಕೊಂಡದ್ದೇ; ಸ್ವಂತ ಹಲ್ಲಿನ ಅಗಿಯುವ ಬಲ ಅದಕ್ಕೆ ಬಾರದು.

ಬ್ರಷ್ ಮೆತ್ತನೆಯದಿರಲಿ. ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಒಸಡು ಹಲ್ಲು ಸೇರುವ ಕಡೆ ಓರೆಯಾಗಿ ಇಟ್ಟು, ಒತ್ತದೆ, ಸಣ್ಣ ಸಣ್ಣದಾಗಿ ಆಡಿಸಿ ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ತರಬೇಕು. ದಿನಕ್ಕೆರಡು ಸಲ, ಎರಡು ನಿಮಿಷ. ಬೇವಿನ ಕಡ್ಡಿಯಾದರೆ ತುದಿಯನ್ನು ಚೆನ್ನಾಗಿ ಅಗಿದು ಮೆತ್ತಗೆ ಮಾಡಿಕೊಳ್ಳಿ, ಅಡ್ಡ ತಿಕ್ಕಬೇಡಿ. ಬ್ರಷ್ಷಿನ ಎಳೆಗಳು ಒಂದು ತಿಂಗಳಲ್ಲೇ ಹೂವಿನಂತೆ ಅರಳಿದರೆ ನೀವು ಹಲ್ಲು ತಿಕ್ಕುತ್ತಿಲ್ಲ, ಪಾತ್ರೆ ತಿಕ್ಕುತ್ತಿದ್ದೀರಿ ಎಂದು ತಿಳಿಯಿರಿ.

ಬನಹಟ್ಟಿಯ ಆ ತಾಯಿಯ ಕಡೆಗೆ ಮರಳೋಣ. ವೈದ್ಯರು ಹಲ್ಲು ಕೀಳಲಿಲ್ಲ. ಕಿಟ್ಟ ತೆಗೆದು, ಮೂರು ತಿಂಗಳು ಮಿಶ್ರಿ ಬಿಟ್ಟು ಬಂದರೆ ಬಾಗಲಕೋಟೆಗೆ ಚೀಟಿ ಬರೆದುಕೊಡುವುದಾಗಿ ಹೇಳಿ ಕಳಿಸಿದರು. ಮೊದಲ ವಾರ ತಲೆನೋವು, ಸಿಟ್ಟು, ಕೆಲಸದಲ್ಲಿ ಮನಸ್ಸು ನಿಲ್ಲದು. ಬಾಯಲ್ಲಿ ಲವಂಗ, ಸೋಂಪು ಹಾಕಿಕೊಂಡು ದಿನ ದೂಡಬೇಕಾಯಿತು. ಒಮ್ಮೆ ತಪ್ಪಿ ಮತ್ತೆ ಡಬ್ಬಿ ಮುಟ್ಟಿದ್ದೂ ಉಂಟು. ಮೂರು ತಿಂಗಳ ಲೆಕ್ಕ ಮತ್ತೆ ಒಂದರಿಂದ ಶುರು. ಕೊನೆಗೆ ಕಸಿ ಆಯಿತು. ಒಂದು ಹಲ್ಲಿನ ಬೇರು ಪೂರ್ತಿ ಮುಚ್ಚಿತು. ಇನ್ನೊಂದರಲ್ಲಿ ಒಂದು ಮಿಲಿಮೀಟರಿನಷ್ಟು ಉಳಿಯಿತು, ಏಕೆಂದರೆ ಅದರ ಪಕ್ಕದ ಒಸಡು ಮೊದಲೇ ಸ್ವಲ್ಪ ಹೋಗಿತ್ತು. ತಣ್ಣೀರಿಗೆ ಜುಮ್ಮೆನ್ನುವುದು ನಿಂತಿತು. ರೊಟ್ಟಿ ಮುರಿಯಲು ಆ ಹಲ್ಲುಗಳೇ ಈಗಲೂ ಕೆಲಸಕ್ಕಿವೆ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಹುಟ್ಟಿದ ಕಾಲಕ್ಕೆ ಹಲ್ಲು ಹೋಗುವುದು ಹಣೆಬರಹವಾಗಿತ್ತು. ಈಗ ಹಾಗಲ್ಲ. ಪಕ್ಕದ ಮನೆಯಾಕೆ ತನ್ನ ಹಲ್ಲು ತೋರಿಸಿ "ನಂದೂ ಉದ್ದಾಗ್ಯಾವ, ಕೀಳಸ್ಲೇನ?" ಎಂದು ಕೇಳಿದಾಗ ಈ ತಾಯಿ ಕೊಟ್ಟ ಉತ್ತರದಲ್ಲಿ ವೈದ್ಯರು ಹೇಳಿದ್ದೆಲ್ಲ ಇತ್ತು:

"ಹಲ್ಲು ಉದ್ದಾಗಿಲ್ಲ ಯಕ್ಕಾ, ಒಸಡ ಇಳದೈತಿ. ಮದಲ ಆ ಡಬ್ಬಿ ಒಗಿ. ಆಮ್ಯಾಲ ದವಾಖಾನಿಗೆ ನಡಿ, ನಾನೂ ಬರ್ತೀನಿ."